ನೆಗಡಿ ಬಂದಾಗ ಜಿಂಕ್, ವಿಟಮಿನ್ ಮಾತ್ರೆ: ಎಷ್ಟು, ಯಾವಾಗ, ಯಾರಿಗೆ ಬೇಡ

ಮೆಡಿಕಲ್ ಶಾಪಿಗೆ ಹೋಗಿ "ನೆಗಡಿ, ಮೈಕೈ ನೋವು, ಏನಾದ್ರೂ ಕೊಡಿ" ಎಂದರೆ ಈಗ ಪ್ಯಾರಾಸಿಟಮಾಲ್ ಜತೆಗೆ ಇನ್ನೆರಡು ಸ್ಟ್ರಿಪ್ ಕವರಿನೊಳಗೆ ಬೀಳುತ್ತವೆ. ಒಂದು ಕಿತ್ತಳೆ ರುಚಿಯ ವಿಟಮಿನ್ ಸಿ, ಇನ್ನೊಂದು ಜಿಂಕ್ ಇರುವ ಮಲ್ಟಿವಿಟಮಿನ್. ಕೋವಿಡ್ ಕಾಲದಲ್ಲಿ ಅಂಟಿಕೊಂಡ ರೂಢಿ ಇದು. 2021ರ ಮೇ ಕೊನೆಗೆ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೌಮ್ಯ ಕೋವಿಡ್‌ನ ಚಿಕಿತ್ಸಾ ಪಟ್ಟಿಯಿಂದ ಜಿಂಕನ್ನೂ ಮಲ್ಟಿವಿಟಮಿನ್ನನ್ನೂ ತೆಗೆದುಹಾಕಿತು. ಪಟ್ಟಿಯಿಂದ ಹೋದರೂ ಕವರಿನಿಂದ ಹೋಗಲಿಲ್ಲ.

ಇವುಗಳ ಕೆಲಸ ಇಷ್ಟೇ: ಮೈಯಲ್ಲಿ ಕೊರತೆಯಿದ್ದರೆ ತುಂಬಿಕೊಡುತ್ತವೆ. ತುಂಬಿದ ಮೇಲೆ ಸುರಿದದ್ದು ಬಹುಪಾಲು ದಂಡ, ಕೆಲವೊಮ್ಮೆ ತೊಂದರೆ. ಇದಕ್ಕೆ ಒಂದು ಅಪವಾದ ಇರಬಹುದು. ವಯಸ್ಕರ ನೆಗಡಿಗೆ ಬಾಯಲ್ಲಿಟ್ಟು ಚೀಪುವ ಜಿಂಕ್. ಅದಕ್ಕೂ ಷರತ್ತುಗಳಿವೆ.

1. ಮೊದಲು ಸ್ಟ್ರಿಪ್ ತಿರುಗಿಸಿ ಓದಿ

ಮಾತ್ರೆಯೊಳಗೆ ಜಿಂಕ್ ಒಂಟಿಯಾಗಿ ಇರುವುದಿಲ್ಲ. ಸಲ್ಫೇಟ್, ಅಸಿಟೇಟ್, ಗ್ಲುಕೋನೇಟ್, ಹೀಗೆ ಯಾವುದಾದರೊಂದು ಲವಣದ ರೂಪದಲ್ಲಿರುತ್ತದೆ. ಲವಣದ ತೂಕ ಬೇರೆ, ಅದರೊಳಗಿನ ಜಿಂಕ್‌ನ ತೂಕ ಬೇರೆ. ಸಲ್ಫೇಟ್ ಮೊನೊಹೈಡ್ರೇಟ್‌ನಲ್ಲಿ ನೂರಕ್ಕೆ 36 ಪಾಲು ಜಿಂಕ್, ಹೆಪ್ಟಾಹೈಡ್ರೇಟ್‌ನಲ್ಲಿ 23, ಅಸಿಟೇಟ್‌ನಲ್ಲಿ 30, ಗ್ಲುಕೋನೇಟ್‌ನಲ್ಲಿ ಬರೀ 14.

ಬಹಳಷ್ಟು ಕ್ಯಾಪ್ಸೂಲ್‌ಗಳ ಬೆನ್ನಿಗೆ "ಜಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 54.93 ಮಿ.ಗ್ರಾಂ" ಎಂಬ ವಿಚಿತ್ರ ಅಂಕಿ ಇರುತ್ತದೆ. 0.364ರಿಂದ ಗುಣಿಸಿ ನೋಡಿ, ಸರಿಯಾಗಿ 20 ಬರುತ್ತದೆ. ಆ ಅಂಕಿಯ ಗುಟ್ಟು ಅಷ್ಟೇ. ಅದು 20 ಮಿ.ಗ್ರಾಂ ಜಿಂಕ್. ಪಕ್ಕದ ಸ್ಟ್ರಿಪ್‌ನಲ್ಲಿ "ಜಿಂಕ್ ಗ್ಲುಕೋನೇಟ್ 50 ಮಿ.ಗ್ರಾಂ" ಎಂದಿದ್ದರೆ ಅದರಲ್ಲಿರುವುದು 7 ಮಿ.ಗ್ರಾಂ. "50 ಅಂದ್ರೆ ಸ್ಟ್ರಾಂಗು" ಅಂದುಕೊಂಡು ಕೊಂಡವರಿಗೆ ಸಿಗುವುದು ಮೂರನೇ ಒಂದು ಪಾಲು. "ಎಲಿಮೆಂಟಲ್ ಜಿಂಕ್" ಎಂದು ಬರೆದಿದ್ದರೆ ಈ ಲೆಕ್ಕ ಬೇಕಿಲ್ಲ, ಅದೇ ನಿಜವಾದ ಅಂಕಿ.

ಆಮೇಲೆ ಮನೆಯಲ್ಲಿರುವ ಎಲ್ಲವನ್ನೂ ಮೇಜಿನ ಮೇಲಿಟ್ಟು ಕೂಡಿಸಿ. ಮಲ್ಟಿವಿಟಮಿನ್‌ನಲ್ಲಿ ಜಿಂಕ್, ವಿಟಮಿನ್ ಸಿ ಮಾತ್ರೆಯಲ್ಲಿ ಜಿಂಕ್, ಪ್ರೋಟೀನ್ ಪುಡಿಯಲ್ಲೂ ಜಿಂಕ್. ಬಿಡಿಬಿಡಿಯಾಗಿ ಸಣ್ಣದು, ಸೇರಿದರೆ ದೊಡ್ಡದು. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಗಂಡಸರಿಗೆ 17 ಮಿ.ಗ್ರಾಂ, ಹೆಂಗಸರಿಗೆ 13.2 ಮಿ.ಗ್ರಾಂ ಜಿಂಕ್ ಬೇಕು. ಊಟ, ಮಾತ್ರೆ ಎರಡೂ ಸೇರಿ 40 ದಾಟಬಾರದು. ಅಮೆರಿಕದಲ್ಲಿ ಇದೇ ಲೆಕ್ಕ 11 ಮತ್ತು 8. ನಮಗೆ ಯಾಕೆ ಜಾಸ್ತಿ ಅನ್ನುವುದು ಅಡುಗೆಮನೆಯ ಭಾಗದಲ್ಲಿ ಬರುತ್ತದೆ.

2. ಗಂಟಲು ಕೆರೆದ ಮೊದಲ 24 ಗಂಟೆ

ನೆಗಡಿ ತರುವ ರೈನೋವೈರಸ್ ಬೆಳೆಯದಂತೆ ಜಿಂಕ್ ತಡೆಯುತ್ತದೆ ಎಂದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಂಡದ್ದು 1974ರಲ್ಲಿ. ಕೊರೊನಾ ಜಾತಿಯ ವೈರಸ್ ತನ್ನ ಆರ್‌ಎನ್‌ಎಯನ್ನು ನಕಲು ಮಾಡುವುದಕ್ಕೂ ಅದು ಅಡ್ಡಿಯಾಗುತ್ತದೆ ಎಂದು 2010ರಲ್ಲಿ ಕಂಡಿತು. ಆದರೆ ಅಲ್ಲಿ ಜಿಂಕನ್ನು ಜೀವಕೋಶದೊಳಕ್ಕೆ ನುಗ್ಗಿಸಲು ಬೇರೊಂದು ರಾಸಾಯನಿಕ ಬೇಕಾಯಿತು. ನಮ್ಮ ಜೀವಕೋಶ ತನ್ನೊಳಗಿನ ಜಿಂಕನ್ನು ಜಿಪುಣನ ಹಾಗೆ ಅಳೆದು ಇಟ್ಟುಕೊಳ್ಳುತ್ತದೆ. ಮಾತ್ರೆ ನುಂಗಿದ ಮಾತ್ರಕ್ಕೆ ಅಲ್ಲಿಯ ಮಟ್ಟ ಏರುವುದಿಲ್ಲ. ಚೀಪುವ ಮಾತ್ರೆಯ ಲೆಕ್ಕಾಚಾರವೇ ಬೇರೆ: ಜಿಂಕ್ ನಿಧಾನವಾಗಿ ಕರಗಿ ಗಂಟಲಿನ ಒಳಪೊರೆಯನ್ನು ನೇರವಾಗಿ ತಾಕಬೇಕು.

ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2024ರ ಕಾಕ್ರೇನ್ ವಿಮರ್ಶೆಯಲ್ಲಿ 34 ಅಧ್ಯಯನಗಳಿದ್ದವು, 8,526 ಜನ. ನೆಗಡಿ ಬಾರದಂತೆ ತಡೆಯುವುದರಲ್ಲಿ ಜಿಂಕ್‌ನಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಬಂದ ನೆಗಡಿ ಸುಮಾರು ಎರಡು ದಿನ ಬೇಗ ಮುಗಿಯಬಹುದು ಎಂದಿತು, ಆದರೆ ಪುರಾವೆ ದುರ್ಬಲ ಎಂಬ ಷರಾ ಜತೆಗೆ. ಬಾಯಿ ಕೆಡುವುದು, ಹೊಟ್ಟೆ ತೊಳಸುವುದು ಜಿಂಕ್ ತೆಗೆದುಕೊಂಡವರಲ್ಲೇ ಹೆಚ್ಚು. ಹೆಲ್ಸಿಂಕಿಯ ನಗರಾಡಳಿತದ ನೌಕರರಿಗೆ ದಿನಕ್ಕೆ 78 ಮಿ.ಗ್ರಾಂನಂತೆ ಐದು ದಿನ ಕೊಟ್ಟು ನೋಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಲಾಭವೇ ಕಾಣಲಿಲ್ಲ.

ಇಷ್ಟು ತಿಳಿದ ಮೇಲೂ ಪ್ರಯತ್ನಿಸುವವರು ಹೀಗೆ ಮಾಡಿ. ವಯಸ್ಕರು ಮಾತ್ರ, ಗರ್ಭಿಣಿಯರು, ಮಕ್ಕಳು ಬೇಡ. ಲಕ್ಷಣ ಶುರುವಾದ 24 ಗಂಟೆಯೊಳಗೇ ಆರಂಭಿಸಿ, ಮೂರನೇ ದಿನ ನೆನಪಾದರೆ ಬಿಟ್ಟುಬಿಡಿ. ಅಸಿಟೇಟ್ ಅಥವಾ ಗ್ಲುಕೋನೇಟ್ ರೂಪದ ಚೀಪುವ ಮಾತ್ರೆಯನ್ನು ಎಚ್ಚರವಿರುವಾಗ ಎರಡು ಮೂರು ಗಂಟೆಗೊಮ್ಮೆ, ದಿನಕ್ಕೆ ಒಟ್ಟು 75ರಿಂದ 80 ಮಿ.ಗ್ರಾಂ ಜಿಂಕ್ ಆಗುವಂತೆ. ಕಚ್ಚಬೇಡಿ, ತಾನಾಗಿ ಕರಗಲು ಇಪ್ಪತ್ತು ನಿಮಿಷ ಹಿಡಿಯಲಿ. ಬರೀ ಹೊಟ್ಟೆಯಲ್ಲಿ ಬೇಡ. ಐದು ದಿನಕ್ಕೆ ನಿಲ್ಲಿಸಿ. ಈ ಪ್ರಮಾಣ 40ರ ಮಿತಿಗಿಂತ ಹೆಚ್ಚು, ಆದ್ದರಿಂದ ಒಂದು ವಾರ ಮೀರಲೇಬಾರದು.

ಎಡವುವುದು ಎಲ್ಲಿ? ಒಂದು, 20 ಮಿ.ಗ್ರಾಂ ಕ್ಯಾಪ್ಸೂಲ್ ನುಂಗಿ "ಜಿಂಕ್ ತಗೊಂಡೆ" ಅನ್ನುವುದು. ಅದು ಹೊಟ್ಟೆಗೆ ಹೋಯಿತು, ಗಂಟಲಿಗಲ್ಲ. ಎರಡು, ಹುಳಿ. ಸಿಟ್ರಿಕ್ ಆಮ್ಲ ಜಿಂಕನ್ನು ಕಟ್ಟಿಹಾಕುತ್ತದೆ, ಬಿಡಿಯಾಗಿ ಗಂಟಲಿಗೆ ತಾಕಲು ಬಿಡುವುದಿಲ್ಲ. ಹುಳಿಸಿಹಿ ರುಚಿಯ ಮಾತ್ರೆಗಳಲ್ಲಿ ಅದು ಮೊದಲೇ ಬೆರೆತಿರುತ್ತದೆ, ಮೇಲಿಂದ ನಿಂಬೆ ಟೀ ಕುಡಿದರೆ ಮುಗಿಯಿತು. ಮೂರು, ನಮ್ಮ ಅಂಗಡಿಗಳಲ್ಲಿ ಗಂಟಲು ನೋವಿಗೆ ಸಿಗುವ ಚೀಪುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಮೆಂತಾಲ್, ನಂಜುನಾಶಕ, ಸಕ್ಕರೆ, ಜಿಂಕ್ ಇರುವುದಿಲ್ಲ. ಅಮೆರಿಕದಿಂದ ಬಂದ ಮಗಳು ಮಾತ್ರೆಯ ಪೊಟ್ಟಣ ತಂದಿದ್ದರೆ ಅದರ ಹಿಂಬದಿ ಓದಿ ಬಳಸಿ. ಇಲ್ಲದಿದ್ದರೆ ಇದಕ್ಕಾಗಿ ಊರೆಲ್ಲ ಸುತ್ತುವಷ್ಟು ಬೆಲೆಯ ವಸ್ತು ಇದಲ್ಲ.

ಮೂಗಿಗಂತೂ ಜಿಂಕ್ ಹಾಕಲೇಬೇಡಿ. ಜಿಂಕ್ ಇರುವ ಮೂಗಿನ ಜೆಲ್ ಬಳಸಿದವರಲ್ಲಿ ವಾಸನೆಯ ಶಕ್ತಿಯೇ ಹೋಯಿತೆಂಬ ದೂರುಗಳು ನೂರಕ್ಕೂ ಹೆಚ್ಚು ಬಂದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಅಂಥವನ್ನು ಬಳಸಬೇಡಿ ಎಂದು ಎಚ್ಚರಿಸಿತು.

3. ಮಕ್ಕಳ ಜಿಂಕ್ ಬೇರೆ ಕೆಲಸಕ್ಕೆ

ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣದ ಜತೆ ಕೊಡುವ 20 ಮಿ.ಗ್ರಾಂ ಕರಗುವ ಮಾತ್ರೆ ಭೇದಿಗೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೊಂದು, ಎರಡರಿಂದ ಆರು ತಿಂಗಳ ಮಗುವಿಗೆ ಅರ್ಧ, ಭೇದಿ ನಿಂತರೂ 14 ದಿನ ಪೂರ್ತಿ. ಅದರಲ್ಲಿ ಉಳಿದದ್ದನ್ನು ನೆಗಡಿಗೆ ಕೊಡುವವರಿದ್ದಾರೆ. ಉಳಿಯಿತು ಅಂದರೆ ಭೇದಿಯ ಕೋರ್ಸ್ ಪೂರ್ತಿಯಾಗಲಿಲ್ಲ ಎಂದೇ ಅರ್ಥ.

ಕೊರತೆ ಹೆಚ್ಚಿರುವ ಕಡೆ ಚಿಕ್ಕ ಮಕ್ಕಳಿಗೆ ತಿಂಗಳುಗಟ್ಟಲೆ ಜಿಂಕ್ ಕೊಟ್ಟಾಗ ನ್ಯುಮೋನಿಯಾ ಬರುವುದು ಸ್ವಲ್ಪ ಕಡಿಮೆಯಾದದ್ದು ನಿಜ. ನ್ಯುಮೋನಿಯಾ ಬಂದ ಮೇಲೆ ಕೊಡುವುದು ಬೇರೆಯೇ ಮಾತು. ವೆಲ್ಲೂರಿನಲ್ಲಿ ಎರಡು ವರ್ಷದೊಳಗಿನ ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಮಕ್ಕಳು ಜಿಂಕ್‌ನಿಂದ ಬೇಗ ಗುಣವಾಗಲಿಲ್ಲ.

4. ವಿಟಮಿನ್ ಸಿ: ನೆಗಡಿಗೆ ಮುಂಚೆ, ಅದೂ ಸ್ವಲ್ಪ

2013ರ ಕಾಕ್ರೇನ್ ವಿಮರ್ಶೆಯಲ್ಲಿ 11 ಸಾವಿರಕ್ಕೂ ಹೆಚ್ಚು ಜನರ ಲೆಕ್ಕವಿದೆ. ದಿನವೂ 200 ಮಿ.ಗ್ರಾಂ ಅಥವಾ ಹೆಚ್ಚು ತೆಗೆದುಕೊಳ್ಳುತ್ತಿದ್ದವರಿಗೂ ನೆಗಡಿ ಬರುವುದೇನೂ ತಪ್ಪಲಿಲ್ಲ. ಬಂದದ್ದು ವಯಸ್ಕರಲ್ಲಿ ನೂರಕ್ಕೆ 8, ಮಕ್ಕಳಲ್ಲಿ 14 ಪಾಲು ಬೇಗ ಹೋಯಿತು. ಏಳು ದಿನದ ನೆಗಡಿಯಲ್ಲಿ ವಯಸ್ಕರಿಗೆ ಉಳಿಯುವುದು ಅರ್ಧ ದಿನ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ತಾಲೀಮು ಮಾಡುವ ಸೈನಿಕರು, ಇಂಥವರಲ್ಲಿ ಮಾತ್ರ ನೆಗಡಿ ಅರ್ಧಕ್ಕೆ ಇಳಿಯಿತು. ಮೂಗು ಸೋರಲು ಶುರುವಾದ ಮೇಲೆ ತೆಗೆದುಕೊಂಡರೆ ನಂಬುವಂಥ ಫಲ ಕಂಡಿಲ್ಲ. ಕೋವಿಡ್‌ನಲ್ಲೂ ಅಷ್ಟೇ: ದಿನಕ್ಕೆ 8,000 ಮಿ.ಗ್ರಾಂ ವಿಟಮಿನ್ ಸಿ, ಜಿಂಕ್ ಗ್ಲುಕೋನೇಟ್, ಅಥವಾ ಎರಡನ್ನೂ ಕೊಟ್ಟು 214 ಜನರ ಮೇಲೆ ಅಮೆರಿಕದಲ್ಲಿ ನಡೆಸಿದ ಪ್ರಯೋಗವನ್ನು ಫಲ ಕಾಣದ್ದರಿಂದ ನಡುವೆಯೇ ನಿಲ್ಲಿಸಿ, 2021ರಲ್ಲಿ ವರದಿ ಪ್ರಕಟಿಸಿದರು.

ಒಂದು ದೊಡ್ಡ ಸೀಬೆಹಣ್ಣಿನಲ್ಲಿ 200 ಮಿ.ಗ್ರಾಂ ಬಂದುಹೋಗುತ್ತದೆ. ಮಾತ್ರೆಯೇ ಬೇಕೆಂದರೆ 500 ಮಿ.ಗ್ರಾಂದು ದಿನಕ್ಕೊಂದು ಸಾಕು, 2,000 ದಾಟಬೇಡಿ. ಮೂತ್ರಪಿಂಡದಲ್ಲಿ ಕಲ್ಲು ಆದವರು ದೊಡ್ಡ ಪ್ರಮಾಣದಿಂದ ದೂರವಿರಿ, ವಿಟಮಿನ್ ಸಿ ಮೈಯಲ್ಲಿ ಒಡೆದು ಕಲ್ಲು ಕಟ್ಟುವ ಆಕ್ಸಲೇಟ್ ಆಗುತ್ತದೆ. ಸಕ್ಕರೆ ಕಾಯಿಲೆಯವರು ಗಮನಿಸಿ: ವಿಟಮಿನ್ ಸಿ ಬಹಳ ಹೆಚ್ಚಿದ್ದಾಗ ಕೆಲವು ಗ್ಲುಕೋಮೀಟರ್‌ಗಳು ಸಕ್ಕರೆಯನ್ನು ತಪ್ಪಾಗಿ ಹೆಚ್ಚು ತೋರಿಸುತ್ತವೆ.

5. ವಿಟಮಿನ್ ಡಿ: ವಾರದ ಪುಡಿಯನ್ನು ದಿನದ ಪುಡಿ ಮಾಡಬೇಡಿ

ವಿಟಮಿನ್ ಡಿಯಿಂದ ಉಸಿರಾಟದ ಸೋಂಕು ತಗ್ಗುತ್ತದೆ ಎಂಬ ಮಾತಿಗೆ ಬಲ ಬಂದದ್ದು 2017ರಲ್ಲಿ, 25 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಿಂದ. ಅದರಲ್ಲೂ ಲಾಭ ಕಂಡದ್ದು ದಿನವೋ ವಾರವೋ ಸ್ವಲ್ಪಸ್ವಲ್ಪ ತೆಗೆದುಕೊಂಡವರಿಗೆ, ರಕ್ತದ ಮಟ್ಟ ಮಿಲಿಲೀಟರಿಗೆ 10 ನ್ಯಾನೊಗ್ರಾಂಗಿಂತ ಕೆಳಗಿದ್ದವರಿಗೆ ಹೆಚ್ಚು. ಹೊಸ ಪ್ರಯೋಗಗಳನ್ನು ಸೇರಿಸಿ 2025ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ ಲಾಭ ಖಚಿತವಾಗಿ ಉಳಿಯಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಿಗೆ ಬ್ರೆಜಿಲ್‌ನಲ್ಲಿ ಒಂದೇ ಸಲ 2 ಲಕ್ಷ ಐಯು (ವಿಟಮಿನ್ ಅಳೆಯುವ ಮಾನ) ಕೊಟ್ಟು ನೋಡಿದರು, ಅವರೇನೂ ಬೇಗ ಮನೆಗೆ ಹೋಗಲಿಲ್ಲ.

ಹಾಗಾಗಿ ಜ್ವರ ಬಂದ ದಿನ ವಿಟಮಿನ್ ಡಿ ಹುಡುಕಬೇಡಿ. ಕೊರತೆ ಇದೆಯೆಂದು ವೈದ್ಯರು 60,000 ಐಯು ಪುಡಿ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ ಅದು ವಾರಕ್ಕೊಂದು, ಎಂಟು ವಾರ. ಭಾನುವಾರ ಮಧ್ಯಾಹ್ನದ ಊಟ ಆದ ಮೇಲೆ ಅಂತ ಗೊತ್ತು ಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜಿಡ್ಡಿರುವ ಊಟದ ಜತೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಚೀಟಿಯಲ್ಲಿನ "ವಾರಕ್ಕೊಮ್ಮೆ" ಕಣ್ತಪ್ಪಿ ದಿನಕ್ಕೊಂದರಂತೆ ಕುಡಿದರೆ ತಿಂಗಳಿಗೆ 18 ಲಕ್ಷ ಐಯು ಆಗುತ್ತದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ತಡೆಯಲಾರದ ಬಾಯಾರಿಕೆ, ಮಂಕು; ಮೂತ್ರಪಿಂಡಕ್ಕೂ ಪೆಟ್ಟು. ವಯಸ್ಸಾದವರ ಔಷಧದ ಡಬ್ಬಿಯನ್ನು ಇದಕ್ಕಾಗಿಯೇ ಒಮ್ಮೆ ತೆರೆದು ನೋಡಿ.

6. ಎ, ಕಬ್ಬಿಣ, ಸೆಲೆನಿಯಂ

ವಿಟಮಿನ್ ಎ ಮದ್ದಾಗಿ ಕೆಲಸ ಮಾಡುವುದು ದಡಾರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮ: ಒಂದು ವರ್ಷ ದಾಟಿದ ಮಗುವಿಗೆ 2 ಲಕ್ಷ ಐಯು, 6ರಿಂದ 11 ತಿಂಗಳಿನವರಿಗೆ 1 ಲಕ್ಷ, ಅದಕ್ಕೂ ಚಿಕ್ಕವರಿಗೆ 50 ಸಾವಿರ, ಒಂದು ದಿನ ಕೊಟ್ಟು ಮರುದಿನ ಇನ್ನೊಮ್ಮೆ. ಇದನ್ನು ಆಸ್ಪತ್ರೆಯಲ್ಲೇ ಕೊಡಬೇಕು, ಮನೆಯಲ್ಲಲ್ಲ. ಸಾಮಾನ್ಯ ನೆಗಡಿಗೆ ಇದರ ಪಾತ್ರವಿಲ್ಲ. ಒಂಬತ್ತನೇ ತಿಂಗಳ ದಡಾರ ಲಸಿಕೆಯ ಜತೆ ಶುರುವಾಗುವ ವಿಟಮಿನ್ ಎ ದ್ರಾವಣದ ಒಂಬತ್ತು ಸುತ್ತನ್ನು ತಪ್ಪಿಸದಿದ್ದರೆ ಆಯಿತು.

ಕಬ್ಬಿಣದ ಮಾತ್ರೆಯನ್ನು ನೆಗಡಿ ಮದ್ದೆಂದು ಶುರು ಮಾಡಬೇಡಿ. ಗರ್ಭಿಣಿಯರು ದಿನವೂ ನುಂಗುವ 60 ಮಿ.ಗ್ರಾಂ ಕಬ್ಬಿಣದ ಮಾತ್ರೆಯನ್ನು ನೆಗಡಿ ಬಂತೆಂದು ಬಿಡುವುದೂ ಬೇಡ. ಸೆಲೆನಿಯಂ ಬಗ್ಗೆ ಹೇಳುವುದು ಕಡಿಮೆ: ಮಲ್ಟಿವಿಟಮಿನ್‌ನಲ್ಲಿರುವ ಅಷ್ಟಿಷ್ಟು ಸಾಕು, ಬೇರೆಯಾಗಿ ಕೊಳ್ಳಬೇಡಿ. ಹೆಚ್ಚಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರು ಬೆಳ್ಳುಳ್ಳಿ ನಾರುತ್ತದೆ.

7. ಜ್ವರ ಇರುವಾಗ ರಕ್ತ ಕೊಟ್ಟು ಕೊರತೆ ಹುಡುಕಬೇಡಿ

ಸೋಂಕು ಬಂದಾಗ ದೇಹ ರಕ್ತದಲ್ಲಿರುವ ಜಿಂಕನ್ನು ಎಳೆದು ಯಕೃತ್ತಿನಲ್ಲಿ ಕೂಡಿಡುತ್ತದೆ. ಆ ಹೊತ್ತಿಗೆ ಪರೀಕ್ಷೆ ಮಾಡಿಸಿದರೆ ಉಂಡು ತಿಂದು ಗಟ್ಟಿಯಾಗಿರುವವರ ಜಿಂಕ್ ಕೂಡ ಕಡಿಮೆ ಬರುತ್ತದೆ. ಕಬ್ಬಿಣದ ಸಂಗ್ರಹ ಹೇಳುವ ಫೆರಿಟಿನ್ ಇದಕ್ಕೆ ತಿರುಗುಮುರುಗು. ಜ್ವರದಲ್ಲಿ ಅದು ಏರಿ, ಇರುವ ಕೊರತೆಯನ್ನು ಮುಚ್ಚಿಡುತ್ತದೆ. ಗುಣವಾದ ಮೇಲೆ ಕೆಲವು ವಾರ ಬಿಟ್ಟು, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಕೊಡಿ. ಜಿಂಕ್‌ಗೆ ಬೇರೆ ಟ್ಯೂಬ್ ಬೇಕು: ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೇ ಜಿಂಕ್ ಸೇರಿ ಅಂಕಿ ಕೆಡುತ್ತದೆ.

8. ಅಡುಗೆಮನೆಯ ಕೆಲಸ

ಮನುಷ್ಯರಲ್ಲಿ ಜಿಂಕ್ ಕೊರತೆ ಎಂಬುದೊಂದಿದೆ ಎಂದು ಮೊದಲು ಗುರುತಿಸಿದವರು ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. 1960ರ ಆಸುಪಾಸಿನಲ್ಲಿ ಇರಾನಿನ ಶಿರಾಜ್‌ನಲ್ಲಿ ಅವರು ಕಂಡ ತರುಣರು ಬೆಳವಣಿಗೆ ನಿಂತು ಹುಡುಗರ ಹಾಗೆ ಕಾಣುತ್ತಿದ್ದರು. ಅವರ ಊಟ ಬಹುಪಾಲು ಹುದುಗಿಸದ ಗೋಧಿ ರೊಟ್ಟಿ, ಜತೆಗೆ ಮಣ್ಣು ತಿನ್ನುವ ಚಟ. ಗೋಧಿಯಲ್ಲಿ ಜಿಂಕ್ ಇತ್ತು. ಆದರೆ ಕಾಳಿನ ಹೊಟ್ಟಿನಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟು ಕರುಳಿಗೆ ಬಿಟ್ಟುಕೊಡಲಿಲ್ಲ. ನಮ್ಮ ಊಟವೂ ಕಾಳುಕಡಿಯ ಮೇಲೆಯೇ ನಿಂತಿದೆ, ಅದಕ್ಕೇ ನಮಗೆ ಹೇಳಿರುವ ಜಿಂಕ್‌ನ ಲೆಕ್ಕ ದೊಡ್ಡದು.

ಬಿಡಿಸುವ ದಾರಿ ಹಳೆಯದೇ: ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು. ಕಾಳಿನಲ್ಲೇ ಇರುವ ಫೈಟೇಸ್ ಎಂಬ ಕಿಣ್ವ ನೀರು, ಬಿಸುಪು ಸಿಕ್ಕಿದಾಗ ಎದ್ದು ಫೈಟೇಟನ್ನು ಒಡೆಯುತ್ತದೆ. ರಾಗಿಗಾದರೆ ಹೀಗೆ: ತೊಳೆದು 12 ಗಂಟೆ ನೆನೆಹಾಕಿ, ನೀರು ಪೂರ್ತಿ ಬಸಿದು, ಒದ್ದೆ ಪಂಚೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಒಂದು ದಿನ ಒಂದೂವರೆ ದಿನ ಇಡಿ. ಬಟ್ಟೆ ಒಣಗಿದಾಗ ನೀರು ಚಿಮುಕಿಸಿ. ಕಾಳಿಗೆ ಬಿಳಿ ಬಾಲ ಬಂದಾಗ ಹರವಿ, ಕೈಗೆ ಗರಗರ ಅನ್ನುವಷ್ಟು ಒಣಗಿಸಿ, ಬಾಣಲೆಯಲ್ಲಿ ಘಮ ಬರುವಷ್ಟೇ ಹುರಿದು, ಮೊಳಕೆ ಉಜ್ಜಿ ಕೇರಿ ಬೀಸಿಸಿ. ನೀರು ಸರಿಯಾಗಿ ಬಸಿಯದಿದ್ದರೆ ಗಂಟಿನ ನಡುವೆ ಲೋಳೆಯಾಗಿ ಹುಳಿವಾಸನೆ ಬರುತ್ತದೆ, ಎಸೆಯಬೇಕಾಗುತ್ತದೆ. ಅರ್ಧಂಬರ್ಧ ಒಣಗಿದ್ದನ್ನು ಬೀಸಿಸಿದರೆ ಡಬ್ಬಿಯಲ್ಲಿ ಬೂಸಲು ಹಿಡಿಯುತ್ತದೆ. ಹುರಿಯುವುದು ಯಾವಾಗಲೂ ಕೊನೆಗೆ. ಮೊದಲೇ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಆಮೇಲೆ ಎಷ್ಟು ನೆನೆಸಿದರೂ ಮೊಳಕೆ ಬಾರದು. ರಾತ್ರಿಯಿಡೀ ಹುಳಿ ಬಂದ ದೋಸೆಹಿಟ್ಟು, ಅಂಬಲಿ, ಮೊಳಕೆ ಹುರಳಿಯ ಬಸ್ಸಾರು, ಎಲ್ಲದರ ಲಾಭವೂ ಇದೇ ಬಗೆಯದು.

ಪ್ರಮಾಣದ ಅಂದಾಜು ಇರಲಿ: 100 ಗ್ರಾಂ ಎಳ್ಳಿನಲ್ಲಿ ಸುಮಾರು 7 ಮಿ.ಗ್ರಾಂ ಜಿಂಕ್, ಕಡಲೆ ಹುರಳಿಗಳಲ್ಲಿ 3ರ ಸುತ್ತ, ರಾಗಿಯಲ್ಲಿ ಎರಡೂವರೆ, ಪಾಲಿಷ್ ಅಕ್ಕಿಯಲ್ಲಿ ಒಂದು ಚಿಲ್ಲರೆ. ಕುರಿಮಾಂಸದಲ್ಲಿ 3ರಿಂದ 4, ಮತ್ತು ಅದನ್ನು ತಡೆಯಲು ಫೈಟೇಟ್ ಇಲ್ಲ. ಎಳ್ಳಿನ ಚಟ್ನಿಪುಡಿ ಒಂದು ಚಮಚ ಬಡಿಸಿದರೆ ಮುಕ್ಕಾಲು ಮಿ.ಗ್ರಾಂ ಹತ್ತಿರ ಬಂತು. ವಿಟಮಿನ್ ಸಿಗೆ ಕಾವು ಆಗದು. ಚಿತ್ರಾನ್ನಕ್ಕೆ ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ.

9. ಜತೆಗೆ ನುಂಗಬಾರದ್ದು

ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಜಾತಿಯ ಆಂಟಿಬಯಾಟಿಕ್‌ಗಳನ್ನು ಜಿಂಕ್, ಕಬ್ಬಿಣ, ಕ್ಯಾಲ್ಸಿಯಂ ಕಟ್ಟಿಹಾಕುತ್ತವೆ. ಆಂಟಿಬಯಾಟಿಕ್ ಮೊದಲು, ಅದಾಗಿ ಎರಡು ಗಂಟೆ ಬಿಟ್ಟು ಜಿಂಕ್. ಜಿಂಕ್ ಮೊದಲು ನುಂಗಿಬಿಟ್ಟಿದ್ದರೆ ಆರು ಗಂಟೆ ಕಾಯಿರಿ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ ಇರುವ ಮಲ್ಟಿವಿಟಮಿನ್‌ಗೂ ನಾಲ್ಕು ಗಂಟೆ ಅಂತರ. ಜಿಂಕ್ ಮತ್ತು ಕಬ್ಬಿಣದ ಮಾತ್ರೆ ಒಂದು ಬೆಳಿಗ್ಗೆ, ಒಂದು ರಾತ್ರಿ. ಒಟ್ಟಿಗೆ ಹೋದರೆ ಕರುಳಿನ ಬಾಗಿಲಲ್ಲಿ ನೂಕುನುಗ್ಗಲು.

ತಿಂಗಳುಗಟ್ಟಲೆ 50 ಮಿ.ಗ್ರಾಂ ಜಿಂಕ್ ನುಂಗುವವರಿಗೆ ಬರುವ ತೊಂದರೆ ತಾಮ್ರದ್ದು. ಜಿಂಕ್ ಹೆಚ್ಚಾದಾಗ ಕರುಳಿನ ಕೋಶಗಳು ಮೆಟಲೊಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಅದು ತಾಮ್ರವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, ಕೋಶ ಉದುರಿದಾಗ ಮಲದ ಜತೆ ಹೊರಹಾಕುತ್ತದೆ. ಫಲ: ಕಬ್ಬಿಣ ಕೊಟ್ಟರೂ ಏರದ ರಕ್ತಹೀನತೆ, ಇಳಿದ ಬಿಳಿರಕ್ತಕಣ, ಆಮೇಲೆ ಕಾಲು ಜೋಮು, ನಡಿಗೆಯಲ್ಲಿ ತೂರಾಟ. ರಕ್ತ ಸುಧಾರಿಸಿದರೂ ನರದ ತೊಂದರೆ ಪೂರ್ತಿ ವಾಪಸಾಗದೆ ಉಳಿಯಬಹುದು. ರೋಗನಿರೋಧಕ ಶಕ್ತಿಗೆಂದು ನುಂಗಿದ ಮಾತ್ರೆಯೇ ಬಿಳಿರಕ್ತಕಣ ಇಳಿಸುವ ಚೋದ್ಯ ಇದು.

10. ಮಾತ್ರೆ ಬದಿಗಿಟ್ಟು ಉಸಿರು ಎಣಿಸಿ

ಮನೆಯಲ್ಲಿ ನಡೆಯುವ ದೊಡ್ಡ ತಪ್ಪು, ಮಾತ್ರೆ ಕೊಟ್ಟಿದ್ದೇವಲ್ಲ ಎಂದು ಕಾಯುವುದು. ವಯಸ್ಕರಲ್ಲಿ ಮಾತಾಡುವಾಗ ಏದುಸಿರು, ಎದೆನೋವು, ಗೊಂದಲ, ಮೂರು ದಿನ ದಾಟಿದ ಜ್ವರ, ಬಿಟ್ಟು ಮತ್ತೆ ಬಂದ ಜ್ವರ, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ: ಇವುಗಳಲ್ಲಿ ಒಂದಿದ್ದರೂ ವೈದ್ಯರ ಬಳಿ ಹೋಗಿ. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಷ್ ಇದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬಿಸಿ ಮಾಡಿ, ಅಂಕಿ ನಿಲ್ಲುವ ತನಕ ಒಂದು ನಿಮಿಷ ಕಾಯಿರಿ.

ಮಗುವಾದರೆ ಅಂಗಿ ಮೇಲೆತ್ತಿ, ಗಡಿಯಾರ ಮುಂದಿಟ್ಟುಕೊಂಡು, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದ ತನಕ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಮುಟ್ಟಿದರೆ ಅಥವಾ ದಾಟಿದರೆ ಅದೇ ದಿನ ಆಸ್ಪತ್ರೆಗೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಹೋಗುತ್ತಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಮಗು ಅಳುತ್ತಿರುವಾಗ ಮಾಡಿದ ಲೆಕ್ಕ ಲೆಕ್ಕಕ್ಕಿಲ್ಲ. ಸಮಾಧಾನವಾಗಲಿ, ಆಮೇಲೆ ಇನ್ನೊಮ್ಮೆ ಎಣಿಸಿ.